ಬೂಷ್ಟಿನ ಮದ್ದು: ಪೆನಿಸಿಲಿನ್ ಕಥೆಯಲ್ಲಿ ಹೆಂಗಸರು

ಪುಣೆಯಲ್ಲಿ ಮಳೆಗಾಲ ಶುರುವಾಯಿತೆಂದರೆ ಮನೆಯಲ್ಲಿ ಬೂಷ್ಟಿನ ಕಾಟವೂ ಶುರು. ಬ್ರೆಡ್ಡು ಎರಡು ಮೂರು ದಿನಕ್ಕೇ ಹಸಿರಾಗುತ್ತದೆ. ಚರ್ಮದ ಚಪ್ಪಲಿಗೆ ಯಾರೋ ಬಿಳಿ ಪುಡಿ ಉದುರಿಸಿದ ಹಾಗಿರುತ್ತದೆ. ಒದ್ದೆ ಚಮಚ ಹಾಕಿದ ಉಪ್ಪಿನಕಾಯಿ ಜಾಡಿಯ ಗತಿಯನ್ನಂತೂ ಕೇಳುವುದೇ ಬೇಡ. ಬೂಷ್ಟನ್ನು ಕಂಡರೆ ಬಟ್ಟೆ ತೆಗೆದುಕೊಂಡು ಒರೆಸುವುದು, ಬಿಸಿಲಿಗೆ ಇಡುವುದು, ಇಲ್ಲವೇ ಎತ್ತಿ ಎಸೆಯುವುದು, ಇಷ್ಟೇ ನಮಗೆ ಗೊತ್ತಿರುವುದು. ಆದರೆ ಇದೇ ಪುಣೆಯ ಪಿಂಪ್ರಿಯಲ್ಲಿ, ಹಳೆಯ ಮುಂಬಯಿ ರಸ್ತೆಯ ಪಕ್ಕದಲ್ಲಿ, ದೊಡ್ಡ ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಬೂಷ್ಟನ್ನು ಬೇಕೆಂದೇ ಬೆಳೆಸಿದ ಒಂದು ಕಾಲವಿತ್ತು. ಆ ಬೂಷ್ಟಿನಿಂದ ತೆಗೆದ ಔಷಧವೇ ಪೆನಿಸಿಲಿನ್.

ಈ ಬಾರಿ ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ವಿಜ್ಞಾನದ ಇತಿಹಾಸದ ಬಗ್ಗೆ ಏನಾದರೂ ಬರೆಯಿರಿ ಎಂದಾಗ ನಾನು ಈ ವಿಷಯವನ್ನು ಆರಿಸಿಕೊಂಡೆ. ನಾನು ಸಾಫ್ಟ್‌ವೇರ್ ಕೆಲಸದವಳು, ಎಂ.ಟೆಕ್. ಓದಿದವಳು, ಡಾಕ್ಟರಲ್ಲ. ಆದ್ದರಿಂದ ಇದು ಔಷಧದ ಸಲಹೆಯಲ್ಲ, ಒಂದು ಔಷಧದ ಚರಿತ್ರೆ. ಶಾಲೆಯ ಪುಸ್ತಕದಲ್ಲಿ ಓದಿದ ಪೆನಿಸಿಲಿನ್ ಕಥೆ ಒಬ್ಬ ಗಂಡಸಿನಿಂದ ಶುರುವಾಗಿ ಅವನಲ್ಲಿಯೇ ಮುಗಿಯುತ್ತದೆ. ಅಲ್ಲಿ ಬಿಟ್ಟುಹೋದವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಹೆಂಗಸರು.

ಪಠ್ಯಪುಸ್ತಕದ ಭಾಗವನ್ನು ಬೇಗ ಮುಗಿಸಿಬಿಡುತ್ತೇನೆ. 1928ರ ಸೆಪ್ಟೆಂಬರ್ ತಿಂಗಳು. ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ತಮ್ಮ ಪ್ರಯೋಗದ ಗಾಜಿನ ತಟ್ಟೆಗಳನ್ನು ನೋಡುತ್ತಾರೆ. ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ತಟ್ಟೆಯಲ್ಲಿ ಬೂಷ್ಟು ಹತ್ತಿದೆ, ಅದರ ಸುತ್ತ ಮಾತ್ರ ಬ್ಯಾಕ್ಟೀರಿಯಾ ಕರಗಿಹೋಗಿವೆ. ಆ ಬೂಷ್ಟು ಪೆನಿಸಿಲಿಯಮ್ ಜಾತಿಯದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚಿತ್ರ ಬರೆಯುವ ಕುಂಚದ ಹಾಗೆ ಕಾಣುತ್ತದೆಂದು ಲ್ಯಾಟಿನ್‌ನಲ್ಲಿ ಕುಂಚಕ್ಕಿರುವ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಬೂಷ್ಟು ಸುರಿಸುವ ರಸಕ್ಕೆ ಫ್ಲೆಮಿಂಗ್ ಪೆನಿಸಿಲಿನ್ ಎಂದು ಹೆಸರಿಟ್ಟು 1929ರಲ್ಲಿ ಲೇಖನ ಪ್ರಕಟಿಸಿದರು.

ಆಮೇಲೆ? ಆಮೇಲೆ ಹೆಚ್ಚುಕಡಿಮೆ ಹತ್ತು ವರ್ಷ ಏನೂ ಆಗಲಿಲ್ಲ. ಆ ರಸವನ್ನು ಶುದ್ಧ ಮಾಡಿ ಕೈಗೆ ಸಿಗುವಂತೆ ಮಾಡಲು ಫ್ಲೆಮಿಂಗ್ ಅವರಿಗೆ ಆಗಲಿಲ್ಲ, ಅದು ಅಷ್ಟು ಬೇಗ ಕೆಟ್ಟುಹೋಗುತ್ತಿತ್ತು. ಈ ನಡುವೆ ಒಂದು ಸಣ್ಣ ಘಟನೆ ನಡೆಯಿತು. ನನ್ನ ಲೆಕ್ಕದಲ್ಲಿ ಅದೇನೂ ಸಣ್ಣದಲ್ಲ. 1930ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ ಸೆಸಿಲ್ ಪೇನ್ ಎಂಬ ವೈದ್ಯರು ಶುದ್ಧ ಮಾಡದ ಬೂಷ್ಟಿನ ರಸವನ್ನೇ ಹಸುಗೂಸುಗಳ ಕಣ್ಣಿಗೆ ಹಾಕಿದರು. ತಾಯಿಗಿದ್ದ ಸೋಂಕು ಹೆರಿಗೆಯ ಸಮಯದಲ್ಲಿ ಮಗುವಿನ ಕಣ್ಣಿಗೆ ಹತ್ತಿ ಕೀವುಗಟ್ಟುವ ಕಾಯಿಲೆ ಅದು. ಆಗ ಎಷ್ಟೋ ಮಕ್ಕಳು ಅದರಿಂದ ಕುರುಡಾಗುತ್ತಿದ್ದರು. ರಸ ಹಾಕಿದ ಮೇಲೆ ಕಣ್ಣು ವಾಸಿಯಾಯಿತು. ಪೆನಿಸಿಲಿನ್‌ನಿಂದ ವಾಸಿಯಾದ ಮೊದಲ ರೋಗಿಗಳಲ್ಲಿ ಹುಟ್ಟಿ ಕೆಲವೇ ದಿನಗಳಾಗಿದ್ದ ಕೂಸುಗಳಿದ್ದವು. ಪೇನ್ ಇದನ್ನು ಎಲ್ಲಿಯೂ ಪ್ರಕಟಿಸದೆ ಬೇರೆ ಕೆಲಸಕ್ಕೆ ಹೋದರು.

ಕಥೆ ನಿಜವಾಗಿ ಶುರುವಾಗುವುದು ಆಕ್ಸ್‌ಫರ್ಡ್‌ನಲ್ಲಿ. ಆಸ್ಟ್ರೇಲಿಯಾದಿಂದ ಬಂದ ಹೊವಾರ್ಡ್ ಫ್ಲೋರಿ, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ರಸಾಯನ ವಿಜ್ಞಾನಿ ಅರ್ನ್ಸ್ಟ್ ಚೈನ್, ಕೈಕೆಲಸದಲ್ಲಿ ಬಹಳ ಜಾಣರಾಗಿದ್ದ ನಾರ್ಮನ್ ಹೀಟ್ಲಿ, ಇವರು ಫ್ಲೆಮಿಂಗ್ ಅವರ ಹಳೆಯ ಲೇಖನವನ್ನು ಹಿಡಿದುಕೊಂಡು ಹೊರಟರು. 1940ರ ಮೇ 25ರಂದು ಎಂಟು ಇಲಿಗಳಿಗೆ ಸಾಯುವಷ್ಟು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಚುಚ್ಚಿ, ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಹೀಟ್ಲಿ ನಿದ್ದೆ ಬಿಟ್ಟು ಕೂತು ನೋಡಿದರು. ಬೆಳಗಿನ ಜಾವ ಮೂರೂವರೆಯ ಹೊತ್ತಿಗೆ ಔಷಧ ಕೊಡದ ನಾಲ್ಕೂ ಸತ್ತಿದ್ದವು, ಕೊಟ್ಟ ನಾಲ್ಕೂ ಬದುಕಿದ್ದವು.

ಇಲಿಗೇನೋ ಸರಿ, ಆದರೆ ಮನುಷ್ಯನ ಮೈ ಇಲಿಗಿಂತ ಸಾವಿರಾರು ಪಟ್ಟು ದೊಡ್ಡದು. ಮೈಯೆಲ್ಲ ನಂಜೇರಿದ ಒಬ್ಬ ರೋಗಿಗೆ ಬೇಕಾಗುವ ಪೆನಿಸಿಲಿನ್ ತೆಗೆಯಲು ಸುಮಾರು 2,000 ಲೀಟರ್ ಬೂಷ್ಟಿನ ರಸ ಬೇಕಾಗಿತ್ತು. ಯುದ್ಧದ ಕಾಲ, ಹಣವೂ ಇಲ್ಲ, ಸಾಮಾನೂ ಇಲ್ಲ. ಈ ಬೂಷ್ಟು ದ್ರವದ ಮೇಲ್ಮೈಯಲ್ಲಿ ಕೆನೆಯ ಹಾಗೆ ಬೆಳೆಯುವಂಥದ್ದು, ಆದ್ದರಿಂದ ಅಗಲವಾದ, ಆಳವಿಲ್ಲದ ಪಾತ್ರೆ ಬೇಕು. ಬಿಸ್ಕತ್ ಡಬ್ಬಿಗಳಾದವು, ಹಾಲಿನ ಕ್ಯಾನುಗಳಾದವು, ಸ್ನಾನದ ತೊಟ್ಟಿಯೂ ಆಯಿತು. ಕೊನೆಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ಆಸ್ಪತ್ರೆಯ ಬೆಡ್‌ಪ್ಯಾನ್! ಹೀಟ್ಲಿ ಅದೇ ಆಕಾರವನ್ನು ಸ್ವಲ್ಪ ತಿದ್ದಿ ಪಿಂಗಾಣಿ ಪಾತ್ರೆಗಳನ್ನು ಮಾಡಿಸಿ, 1940ರ ಡಿಸೆಂಬರ್‌ನಲ್ಲಿ ವ್ಯಾನಿನಲ್ಲಿ ತಂದರು.

ಪಾತ್ರೆ ಬಂತು, ಕೆಲಸ ಮಾಡುವವರು ಯಾರು? ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು. ಆರು ಜನ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಂಡರು, ಸಂಬಳ ವಾರಕ್ಕೆ ಎರಡು ಪೌಂಡ್. ಅವರಿಗೆ ಪೆನಿಸಿಲಿನ್ ಗರ್ಲ್ಸ್ ಎಂದೇ ಹೆಸರು ಬಿತ್ತು. ಪ್ರತಿ ಪಾತ್ರೆಗೂ ಬೂಷ್ಟಿನ ಬೀಜಕಣ ಸಿಂಪಡಿಸಬೇಕು, ಬೇರೆ ಯಾವ ಕ್ರಿಮಿಯೂ ಒಳಗೆ ಬೀಳದ ಹಾಗೆ ನೋಡಿಕೊಳ್ಳಬೇಕು, ದಿನಗಳು ಕಳೆದ ಮೇಲೆ ಕೆನೆಯ ಕೆಳಗಿನ ರಸವನ್ನು ಹೀರಿ ತೆಗೆಯಬೇಕು. ಔಷಧ ಕೆಡದಿರಲು ಮುಂದಿನ ಕೆಲಸವನ್ನು ಕೊರೆಯುವ ತಣ್ಣನೆಯ ಕೋಣೆಯಲ್ಲಿ, ಕೋಟು ಕೈಗವಸು ಹಾಕಿಕೊಂಡು, ಈಥರ್‌ನಂಥ ದ್ರಾವಕಗಳ ಘಾಟಿನ ನಡುವೆ ಮಾಡಬೇಕು. ಮೊಸರಿಗೆ ಹೆಪ್ಪು ಹಾಕಿ, ಅದು ಕೆಡದಂತೆ ಕಾಯುವ ಕೆಲಸವನ್ನು ಪ್ರತಿದಿನ ನೂರಾರು ಪಾತ್ರೆಗಳಲ್ಲಿ ಮಾಡಿದ ಹಾಗೆ ಎನ್ನಬಹುದು. ಒಂದು ಪಾತ್ರೆಯಲ್ಲಿ ಹೊರಗಿನ ಬ್ಯಾಕ್ಟೀರಿಯಾ ಸೇರಿಕೊಂಡರೆ ಅಷ್ಟೂ ರಸ ಹಾಳು. ನಮ್ಮಲ್ಲಿ ಎಷ್ಟು ಜನ ಈ ಹುಡುಗಿಯರ ಬಗ್ಗೆ ಕೇಳಿದ್ದೇವೆ? ರೂತ್ ಕಾಲೋ ಅವರಲ್ಲೊಬ್ಬರು. ಆ ಪಾತ್ರೆಗಳಲ್ಲಿ ಕೆಲವು ಈಗ ಮ್ಯೂಸಿಯಂ ಸೇರಿವೆ.

ಇನ್ನು ಮನುಷ್ಯರ ಮೇಲಿನ ಪರೀಕ್ಷೆ. ಪೊಲೀಸ್ ಪೇದೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಅದಕ್ಕಿಂತ ಮೊದಲಿನದನ್ನು ಹೇಳುವುದಿಲ್ಲ. 1941ರ ಜನವರಿಯಲ್ಲಿ ಆಕ್ಸ್‌ಫರ್ಡ್‌ನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಎಲ್ವಾ ಏಕರ್ಸ್ ಎಂಬ ಮಹಿಳೆ ಇದ್ದರು. ಸುಮಾರು ಐವತ್ತು ವರ್ಷ, ಸ್ತನ ಕ್ಯಾನ್ಸರ್, ಬದುಕುವ ಆಸೆ ಇರಲಿಲ್ಲ. ಈ ಔಷಧ ನಿಮ್ಮ ಕಾಯಿಲೆಗೆ ಏನೂ ಮಾಡುವುದಿಲ್ಲ, ಆದರೆ ಮನುಷ್ಯರ ಮೈಗೆ ಇದು ಒಗ್ಗುತ್ತದೆಯೇ ಎಂದು ನೋಡಬೇಕಾಗಿದೆ ಎಂದು ವೈದ್ಯರು ಕೇಳಿದಾಗ ಆಕೆ ಒಪ್ಪಿಕೊಂಡರು. ಸೂಜಿ ಕೊಟ್ಟ ಮೇಲೆ ಆಕೆಗೆ ಚಳಿಜ್ವರ ಬಂತು. ಔಷಧದಲ್ಲಿ ಇನ್ನೂ ಕಲ್ಮಶವಿದೆ ಎಂದು ತಿಳಿದದ್ದು ಆ ಜ್ವರದಿಂದ. ಅದನ್ನು ಶುದ್ಧ ಮಾಡಿದ ಮೇಲೆಯೇ ಮುಂದಿನವರಿಗೆ ಕೊಟ್ಟದ್ದು. ತನಗೆ ಯಾವ ಲಾಭವೂ ಇಲ್ಲವೆಂದು ಗೊತ್ತಿದ್ದೂ ಕೈ ಚಾಚಿದ ಈ ಹೆಂಗಸಿನ ಹೆಸರು ಪೆನಿಸಿಲಿನ್ ಕಥೆಯ ಮೊದಲ ಪುಟದಲ್ಲಿ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮುಂದಿನ ತಿಂಗಳು, ಫೆಬ್ರವರಿ 12ರಂದು, ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಔಷಧ ಕೊಟ್ಟರು. ಮುಖಕ್ಕಾದ ಗಾಯ ನಂಜಾಗಿ ಒಂದು ಕಣ್ಣೇ ಹೋಗಿತ್ತು. ಒಂದೇ ದಿನದಲ್ಲಿ ಚೇತರಿಕೆ ಕಂಡಿತು. ಔಷಧ ಸಾಲದೆ ಆತನ ಮೂತ್ರವನ್ನು ಸಂಗ್ರಹಿಸಿ, ಸೈಕಲ್ಲಿನಲ್ಲಿ ಪ್ರಯೋಗಾಲಯಕ್ಕೆ ಒಯ್ದು, ಅದರಿಂದ ಪೆನಿಸಿಲಿನ್ ಮತ್ತೆ ತೆಗೆದು ಮತ್ತೆ ಚುಚ್ಚಿದರು. ಆದರೂ ಸಾಲಲಿಲ್ಲ. ದಾಸ್ತಾನು ಮುಗಿಯಿತು, ರೋಗ ಮರುಕಳಿಸಿತು, ಮಾರ್ಚ್ 15ರಂದು ಆತ ತೀರಿಕೊಂಡ. ಆಮೇಲೆ ತಂಡದವರು ಹೆಚ್ಚಾಗಿ ಮಕ್ಕಳನ್ನೇ ಆರಿಸಿಕೊಂಡರು, ಮಕ್ಕಳ ಸಣ್ಣ ಮೈಗೆ ಔಷಧ ಕಡಿಮೆ ಸಾಕಲ್ಲ.

ಈ ಪರೀಕ್ಷೆಗಳನ್ನು ಮುಂದಕ್ಕೆ ನಡೆಸಿದವರು ಎಥೆಲ್ ಫ್ಲೋರಿ. ಹೊವಾರ್ಡ್ ಫ್ಲೋರಿಯವರ ಹೆಂಡತಿ ಎಂದು ಹೇಳಿ ಮುಂದೆ ಹೋಗಿಬಿಡುವವರೇ ಹೆಚ್ಚು, ಆದರೆ ಆಕೆ ಅಡಿಲೇಡ್‌ನಲ್ಲಿ ಓದಿದ ಡಾಕ್ಟರ್. ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ, ಆರೋಗ್ಯವೂ ಅಷ್ಟಕ್ಕಷ್ಟೇ. 1940ರಲ್ಲಿ ಜರ್ಮನಿಯ ದಾಳಿಯ ಭಯದಿಂದ ತಮ್ಮ ಇಬ್ಬರು ಮಕ್ಕಳನ್ನು ಅಮೆರಿಕದ ಸ್ನೇಹಿತರ ಮನೆಗೆ ಹಡಗಿನಲ್ಲಿ ಕಳಿಸಿ, ತಾವು ಇಲ್ಲಿ ಉಳಿದರು. ಯಾವ ರೋಗಕ್ಕೆ, ಎಷ್ಟು ಪ್ರಮಾಣ, ಎಷ್ಟು ಗಂಟೆಗೊಮ್ಮೆ, ಗಾಯದ ಮೇಲೆ ಹಚ್ಚಬೇಕೇ ರಕ್ತಕ್ಕೆ ಕೊಡಬೇಕೇ, ಇದೆಲ್ಲ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಬರೆದಿಟ್ಟುಕೊಂಡು, 1943ರಲ್ಲಿ 187 ರೋಗಿಗಳ ವಿವರಗಳನ್ನು ಗಂಡನ ಜೊತೆಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ವೈದ್ಯರು ಔಷಧವನ್ನು ಬಳಸಲು ಕಲಿತದ್ದು ಇಂಥ ಟಿಪ್ಪಣಿಗಳಿಂದ. 1945ರಲ್ಲಿ ನೊಬೆಲ್ ಬಂದದ್ದು ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ. ಹೀಟ್ಲಿಗೂ ಇಲ್ಲ. (1990ರಲ್ಲಿ ಆಕ್ಸ್‌ಫರ್ಡ್ ಅವರಿಗೆ ವೈದ್ಯಶಾಸ್ತ್ರದ ಗೌರವ ಡಾಕ್ಟರೇಟ್ ಕೊಟ್ಟಿತು. ತಡವಾಯಿತು, ಆದರೂ ಕೊಟ್ಟರು.)

1941ರ ಬೇಸಿಗೆಯಲ್ಲಿ ಫ್ಲೋರಿ ಮತ್ತು ಹೀಟ್ಲಿ ಬೂಷ್ಟನ್ನು ಹೊತ್ತುಕೊಂಡು ಅಮೆರಿಕಕ್ಕೆ ಹೋದರು. ಇಲಿನಾಯ್ ರಾಜ್ಯದ ಪಿಯೋರಿಯಾ ಊರಿನ ಸರ್ಕಾರಿ ಕೃಷಿ ಪ್ರಯೋಗಾಲಯದಲ್ಲಿ ಎರಡು ದೊಡ್ಡ ಸಂಗತಿಗಳು ನಡೆದವು. ಒಂದು, ಮೆಕ್ಕೆಜೋಳದಿಂದ ಪಿಷ್ಟ ತೆಗೆದ ಮೇಲೆ ಉಳಿಯುವ ನೆನೆಸಿದ ನೀರನ್ನು ಹಾಕಿದರೆ ಬೂಷ್ಟು ಹೆಚ್ಚು ಪೆನಿಸಿಲಿನ್ ಕೊಡುತ್ತದೆ ಎಂದು ತಿಳಿಯಿತು. ಅಲ್ಲಿಯವರೆಗೆ ಅದು ಚೆಲ್ಲುವ ನೀರು. ಎರಡು, ಹೆಚ್ಚು ಇಳುವರಿ ಕೊಡುವ ಬೂಷ್ಟಿಗಾಗಿ ಊರೆಲ್ಲ ಹುಡುಕಾಟ. ಸಂತೆಯಲ್ಲಿ ಕೊಳೆತ ಹಣ್ಣು, ಬೂಷ್ಟು ಹಿಡಿದ ಚೀಸ್, ಏನು ಸಿಕ್ಕರೂ ತಂದು ಪರೀಕ್ಷಿಸುತ್ತಿದ್ದರು. ಪ್ರಯೋಗಾಲಯದ ಉದ್ಯೋಗಿ ಮೇರಿ ಹಂಟ್ ಅವರಿಗೆ ಈ ಹುಡುಕಾಟದಿಂದಾಗಿ ಬೂಷ್ಟಿನ ಮೇರಿ ಎಂದೇ ಅಡ್ಡಹೆಸರು ಬಿತ್ತು. 1943ರಲ್ಲಿ ಪಿಯೋರಿಯಾದ ಮಾರುಕಟ್ಟೆಯಲ್ಲಿ ಸಿಕ್ಕ ಒಂದು ಕರಬೂಜದ ಹಣ್ಣಿನ ಮೇಲಿನ ಬೂಷ್ಟು ಎಲ್ಲವನ್ನೂ ಮೀರಿಸಿತು. ಆ ಹಣ್ಣನ್ನು ತಂದವರು ಮೇರಿ ಎಂದು ಕೆಲವರು, ಯಾರೋ ಗೃಹಿಣಿ ಎಂದು ಕೆಲವರು ಹೇಳುತ್ತಾರೆ. ಅದೇ ತಳಿಗೆ ಎಕ್ಸ್-ರೇ, ಅತಿನೇರಳೆ ಕಿರಣಗಳನ್ನು ಬಿಟ್ಟು ಇನ್ನೂ ಹೆಚ್ಚು ಕೊಡುವ ತಳಿಗಳನ್ನು ಮಾಡಿಕೊಂಡರು. ಆಮೇಲಿನ ದಶಕಗಳಲ್ಲಿ ಕಾರ್ಖಾನೆಗಳು ಬೆಳೆಸಿದ್ದು ಹೆಚ್ಚಾಗಿ ಆ ಕರಬೂಜದ ವಂಶದ ಬೂಷ್ಟನ್ನೇ. ಫ್ಲೆಮಿಂಗ್ ಅವರ ತಟ್ಟೆಯ ಬೂಷ್ಟು ಕಥೆಯಲ್ಲಿ ಉಳಿಯಿತು.

ಕರಬೂಜ ಸಿಗುವ ಮೊದಲೇ, 1942ರ ಮಾರ್ಚ್‌ನಲ್ಲಿ, ಅಮೆರಿಕದ ನ್ಯೂ ಹೇವನ್ ಆಸ್ಪತ್ರೆಯಲ್ಲಿ ಆನ್ ಮಿಲ್ಲರ್ ಎಂಬ 33 ವರ್ಷದ ಮಹಿಳೆ ಸಾವಿನ ಬಾಗಿಲಲ್ಲಿದ್ದರು. ಗರ್ಭಪಾತವಾದ ಮೇಲೆ ಸ್ಟ್ರೆಪ್ಟೊಕಾಕಸ್ ನಂಜು ರಕ್ತಕ್ಕೇರಿತ್ತು. ಒಂದು ತಿಂಗಳಿನಿಂದ ಜ್ವರ, ಕೆಲವೊಮ್ಮೆ 106 ಡಿಗ್ರಿಗೂ ಮೇಲೆ. ಆಗಿನ ಸಲ್ಫಾ ಔಷಧ, ರಕ್ತ ಕೊಡುವುದು, ಶಸ್ತ್ರಚಿಕಿತ್ಸೆ, ಯಾವುದೂ ನಾಟಲಿಲ್ಲ. ಅದೇ ಆಸ್ಪತ್ರೆಯಲ್ಲಿ ಅದೇ ವೈದ್ಯರ ಇನ್ನೊಬ್ಬ ರೋಗಿಯಾಗಿ ಜಾನ್ ಫುಲ್ಟನ್ ಎಂಬ ಪ್ರೊಫೆಸರ್ ಮಲಗಿದ್ದರು. ಎಥೆಲ್ ಫ್ಲೋರಿ ಮಕ್ಕಳನ್ನು ಕಳಿಸಿದ್ದು ಈ ಫುಲ್ಟನ್ ದಂಪತಿಯ ಮನೆಗೇ! ಆ ಪರಿಚಯದ ಎಳೆ ಹಿಡಿದು ಫುಲ್ಟನ್ ಹೇಗೋ ಸ್ವಲ್ಪ ಪೆನಿಸಿಲಿನ್ ತರಿಸಿಕೊಟ್ಟರು. ಮಾರ್ಚ್ 14ರಂದು ಮೊದಲ ಸೂಜಿ. ಮರುದಿನ ಬೆಳಿಗ್ಗೆಗೆ ಜ್ವರ ಇಳಿದಿತ್ತು. ಆಕೆಗೆ ಕೊಟ್ಟ ಸುಮಾರು ಐದೂವರೆ ಗ್ರಾಂ ಔಷಧ ಆಗ ಇಡೀ ಅಮೆರಿಕದಲ್ಲಿದ್ದ ದಾಸ್ತಾನಿನ ಅರ್ಧದಷ್ಟಂತೆ. ಆನ್ ಮಿಲ್ಲರ್ 90 ವರ್ಷ ಬದುಕಿ 1999ರಲ್ಲಿ ತೀರಿಕೊಂಡರು.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಬಾಣಂತಿ ನಂಜು ಎಂಬ ಮಾತು ಕೇಳಿದರೆ ಎದೆ ನಡುಗುತ್ತಿತ್ತು. ಹೆರಿಗೆಯಾದ ಮೂರನೇ, ನಾಲ್ಕನೇ ದಿನ ಜ್ವರ ಬಂತೆಂದರೆ ಕೂಸು ತಬ್ಬಲಿಯಾಯಿತು ಎಂದೇ ಲೆಕ್ಕ. ಅದಕ್ಕೆ ಮೊದಲು ಕಡಿವಾಣ ಹಾಕಿದ್ದು ಕೈ ತೊಳೆಯುವ ಶುಚಿತ್ವ ಮತ್ತು 1935ರ ನಂತರ ಬಂದ ಸಲ್ಫಾ ಔಷಧ, ಆ ಶ್ರೇಯಸ್ಸನ್ನೆಲ್ಲ ಪೆನಿಸಿಲಿನ್‌ಗೆ ಕಟ್ಟುವುದು ನ್ಯಾಯವಲ್ಲ. ಆದರೆ ಸಲ್ಫಾ ಸೋತ ಕಡೆ ಗೆದ್ದದ್ದು ಇದು.

ಇನ್ನು ನನ್ನ ವೃತ್ತಿಗೆ ಹತ್ತಿರವಾದ ಭಾಗ. ಡೆವಲಪರ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುವ ಪ್ರೋಗ್ರಾಂ ಪ್ರೊಡಕ್ಷನ್‌ಗೆ ಹಾಕಿದ ರಾತ್ರಿಯೇ ಕೈಕೊಡುವುದು ನಮ್ಮವರಿಗೆಲ್ಲ ಗೊತ್ತು. ಬೆಡ್‌ಪ್ಯಾನಿನಿಂದ ಕಾರ್ಖಾನೆಗೆ ಹೋಗುವುದೂ ಹಾಗೆಯೇ. ಹತ್ತಾರು ಸಾವಿರ ಲೀಟರಿನ ಆಳವಾದ ತೊಟ್ಟಿಯಲ್ಲಿ ಬೂಷ್ಟನ್ನು ಬೆಳೆಸಬೇಕಾದರೆ ಒಳಗೆಲ್ಲ ಶುದ್ಧ ಗಾಳಿ ಊದಬೇಕು, ಸದಾ ಕಲಕಬೇಕು, ಏಳುವ ನೊರೆಯನ್ನು ತಡೆಯಬೇಕು, ಹುಟ್ಟುವ ಶಾಖವನ್ನು ತೆಗೆಯಬೇಕು, ಒಂದು ಹೊರಗಿನ ಬ್ಯಾಕ್ಟೀರಿಯಾ ಕೂಡ ನುಸುಳಬಾರದು. ಮೊದಲ ವಾಣಿಜ್ಯ ಪೆನಿಸಿಲಿನ್ ಕಾರ್ಖಾನೆಯ ವಿನ್ಯಾಸದ ಹಿಂದೆ ಇದ್ದವರು ಮಾರ್ಗರೆಟ್ ಹಚಿನ್ಸನ್ ರೂಸೋ. ಎಂ.ಐ.ಟಿ.ಯಿಂದ 1937ರಲ್ಲಿ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದಾಗ, ಅಮೆರಿಕದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಆಕೆ. 1944ರ ಮಾರ್ಚ್‌ನಲ್ಲಿ ಫೈಜರ್ ಕಂಪನಿ ಬ್ರೂಕ್ಲಿನ್‌ನ ಹಳೆಯ ಐಸ್ ಫ್ಯಾಕ್ಟರಿಯೊಂದರಲ್ಲಿ ಆಳ ತೊಟ್ಟಿಗಳ ಘಟಕವನ್ನು ಶುರುಮಾಡಿತು. ಮೂರು ತಿಂಗಳ ಬಳಿಕ ನಾರ್ಮಂಡಿ ಕಡಲತೀರಕ್ಕೆ ಸೈನ್ಯ ಇಳಿದಾಗ 23 ಲಕ್ಷ ಡೋಸ್ ಸಿದ್ಧವಾಗಿತ್ತು. ಮೂರೇ ವರ್ಷದ ಹಿಂದೆ ಒಬ್ಬ ಪೇದೆಗೆ ಸಾಲದೆ ಹೋದ ಔಷಧ!

ಔಷಧ ತಯಾರಾಗುತ್ತಿತ್ತು, ಆದರೆ ಅದರ ಅಣು ಹೇಗಿದೆ ಎಂದು ಗೊತ್ತಿರಲಿಲ್ಲ. ದೊಡ್ಡ ದೊಡ್ಡ ರಸಾಯನ ವಿಜ್ಞಾನಿಗಳು ಎರಡು ಪಂಗಡವಾಗಿ ವಾದ ಮಾಡುತ್ತಿದ್ದರು. ಆ ಜಗಳವನ್ನು 1945ರಲ್ಲಿ ಮುಗಿಸಿದವರು ಆಕ್ಸ್‌ಫರ್ಡ್‌ನ ಡೊರೊಥಿ ಹಾಡ್ಜ್‌ಕಿನ್. ಪೆನಿಸಿಲಿನ್ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ, ಅದು ಚೆದುರುವ ಚುಕ್ಕೆಗಳಿಂದ ಒಂದೊಂದು ಪರಮಾಣು ಎಲ್ಲಿದೆ ಎಂದು ಲೆಕ್ಕ ಹಾಕಿದರು. ಬಾರ್ಬರಾ ಲೋ ಎಂಬ ಸಹೋದ್ಯೋಗಿ ಜೊತೆಗಿದ್ದರು. ಆ ಲೆಕ್ಕಕ್ಕೆ ಪಂಚ್ ಕಾರ್ಡ್ ಯಂತ್ರಗಳನ್ನೂ ಬಳಸಿಕೊಂಡರು. ಜೀವರಸಾಯನದ ಪ್ರಶ್ನೆಯೊಂದಕ್ಕೆ ಗಣಕಯಂತ್ರದ ಪೂರ್ವಜನನ್ನು ದುಡಿಸಿದ ಮೊದಮೊದಲ ಪ್ರಸಂಗ ಇದು ಎಂದು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಆಗ ಆಕೆಗೆ ಇಬ್ಬರು ಚಿಕ್ಕ ಮಕ್ಕಳು, ಕೈಗಂಟುಗಳಿಗೆ ಸಂಧಿವಾತ. ಅಣುವಿನ ನಡುವೆ ನಾಲ್ಕೇ ಪರಮಾಣುಗಳ ಒಂದು ಪುಟ್ಟ ಉಂಗುರ ಇತ್ತು. ಇಷ್ಟು ಬಿಗಿದ ಉಂಗುರ ಇರಲಾರದು ಎಂದು ವಾದಿಸಿದವರು ಸುಮ್ಮನಾದರು. 1964ರಲ್ಲಿ ಆಕೆಗೆ ನೊಬೆಲ್ ಬಂದಾಗ, ಆಕ್ಸ್‌ಫರ್ಡ್‌ನ ಗೃಹಿಣಿಗೆ ನೊಬೆಲ್ ಎಂದು ಅಲ್ಲಿನ ಒಂದು ಪತ್ರಿಕೆ ಬರೆಯಿತು. ನಗಬೇಕೋ ಅಳಬೇಕೋ ತಿಳಿಯದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರಳು ವಿಜ್ಞಾನವನ್ನು ಬೆಳೆಸಿದ ಎಂ. ವಿಜಯನ್ ಆಕೆಯ ಪ್ರಯೋಗಾಲಯದಲ್ಲಿ ಇನ್ಸುಲಿನ್ ಮೇಲೆ ಕೆಲಸ ಮಾಡಿ ಬಂದವರು.

ಆ ಪುಟ್ಟ ಉಂಗುರವೇ ಪೆನಿಸಿಲಿನ್‌ನ ಶಕ್ತಿ. ಬ್ಯಾಕ್ಟೀರಿಯಾಗೆ ಸುತ್ತಲೂ ಒಂದು ಗಟ್ಟಿ ಗೋಡೆ ಇರುತ್ತದೆ. ಬೆಳೆಯುವಾಗ ಅದು ಗೋಡೆಯನ್ನು ಬಿಚ್ಚುತ್ತಾ ಹೆಣೆಯುತ್ತಾ ಇರಬೇಕು. ಹೆಣೆಯುವ ಕಿಣ್ವಕ್ಕೆ ಪೆನಿಸಿಲಿನ್ ಹೋಗಿ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಗೋಡೆ ಸಡಿಲವಾಗಿ, ಒಳಗೆ ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲ, ಹಾಗಾಗಿ ನಮಗೆ ಬಾಧೆ ಕಡಿಮೆ. ವೈರಸ್‌ಗೂ ಗೋಡೆ ಇಲ್ಲ, ಹಾಗಾಗಿ ನೆಗಡಿಗೆ ಇದರಿಂದ ಉಪಯೋಗವೂ ಇಲ್ಲ.

ಇಂದು ನಮ್ಮ ಮನೆಗಳಲ್ಲಿ ಪೆನಿಸಿಲಿನ್ ಎಂಬ ಹೆಸರು ಕಡಿಮೆ ಕೇಳಿಸಬಹುದು, ಆದರೆ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಅದರ ಮಗಳೇ. 1950ರ ದಶಕದ ಕೊನೆಗೆ ಪೆನಿಸಿಲಿನ್ ಅಣುವಿನ ತಿರುಳನ್ನು ಬೇರ್ಪಡಿಸಿಕೊಂಡು ಅದಕ್ಕೆ ಬೇರೆ ಬೇರೆ ಬಾಲ ಜೋಡಿಸಲು ಕಲಿತರು. ಹಾಗೆ ಬಂದವು ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮುಂತಾದವು. ಸೆಫಲೋಸ್ಪೊರಿನ್ ಔಷಧಗಳ ಮೂಲವೂ ಇನ್ನೊಂದು ಬೂಷ್ಟೇ, ಇಟಲಿಯ ಸಾರ್ಡಿನಿಯಾ ದ್ವೀಪದ ಚರಂಡಿ ನೀರಿನಲ್ಲಿ ಸಿಕ್ಕಿದ್ದು.

ಹಳೆಯ ಪೆನಿಸಿಲಿನ್ ಈಗಲೂ ಬಿಡದೆ ಕಾಯುತ್ತಿರುವುದು ಹೆಂಗಸರನ್ನೇ ಎಂದರೆ ತಪ್ಪಾಗಲಾರದು. ಬಸುರಿಯಾದಾಗ ಮಾಡಿಸಿದ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ವಿ.ಡಿ.ಆರ್.ಎಲ್. ಎಂದು ಇದ್ದದ್ದು ಹಲವರಿಗೆ ನೆನಪಿರಬಹುದು. ಅದು ಸಿಫಿಲಿಸ್ ರೋಗದ ಪರೀಕ್ಷೆ. ಗಂಡನಿಂದ ಬಂದ ಸೋಂಕು ಹೆಂಡತಿಗೆ ಗೊತ್ತೇ ಆಗದೆ ಹೊಟ್ಟೆಯ ಕೂಸಿಗೆ ಹೋಗಬಹುದು, ಕೂಸು ಹುಟ್ಟುವ ಮೊದಲೇ ಸಾಯಬಹುದು. ಬಸುರಿಯಲ್ಲಿ ಇದನ್ನು ತಡೆಯಲು ಶಿಫಾರಸು ಮಾಡುವ ಔಷಧ ಇಂದಿಗೂ ಬೆಂಜಥೈನ್ ಪೆನಿಸಿಲಿನ್. ಮೈಯಲ್ಲಿ ನಿಧಾನವಾಗಿ ಕರಗಿ ವಾರಗಟ್ಟಲೆ ಉಳಿಯುವ ಸೂಜಿ ಅದು.

ಇದೇ ಸೂಜಿಯನ್ನು ನಾನು ಚಿಕ್ಕಂದಿನಲ್ಲಿ ಬೇರೆ ಕಾರಣಕ್ಕೆ ಕಂಡಿದ್ದೆ. ನಮ್ಮ ಸೋದರತ್ತೆಗೆ ಹುಡುಗಿಯಾಗಿದ್ದಾಗ ಗಂಟಲು ನೋವು ಬಂದು, ಆಮೇಲೆ ಕೀಲುಗಳು ಊದಿ, ಹೃದಯದ ಕವಾಟಕ್ಕೆ ಪೆಟ್ಟಾಗಿತ್ತು. ರುಮಾಟಿಕ್ ಜ್ವರ ಎನ್ನುತ್ತಾರೆ. 21 ದಿನಕ್ಕೊಮ್ಮೆ ಪೆನಿಡ್ಯೂರ್ ಸೂಜಿ. ಅಜ್ಜಿ ಕ್ಯಾಲೆಂಡರಿನಲ್ಲಿ ಸುಣ್ಣದ ಚುಕ್ಕೆ ಇಡುತ್ತಿದ್ದರು. ಗಟ್ಟಿ ಹಾಲಿನಂಥ ಔಷಧ, ಸೊಂಟಕ್ಕೆ ಚುಚ್ಚಿದರೆ ಎರಡು ದಿನ ಅತ್ತೆ ಕುಂಟುತ್ತಾ ನಡೆಯುತ್ತಿದ್ದರು. ಹೃದಯದ ಹುಡುಗಿ ಎಂದು ಎರಡು ಸಂಬಂಧಗಳು ತಪ್ಪಿದವು. ಆದರೂ ಒಂದು ಸೂಜಿಯನ್ನೂ ತಪ್ಪಿಸಲಿಲ್ಲ, ಮದುವೆಯಾಗಿ ಎರಡು ಮಕ್ಕಳನ್ನು ಹೆತ್ತರು. ಇದರ ಮಹತ್ವ ನನಗೆ ಈಗ ತಿಳಿಯುತ್ತದೆ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚುತ್ತದೆ, ಕಿರಿದಾದ ಕವಾಟ ಅದನ್ನು ತಾಳಲಾರದು. ನಮ್ಮ ದೇಶದಲ್ಲಿ ಎಷ್ಟೋ ಹೆಂಗಸರಿಗೆ ತಮಗೆ ಹೃದಯದ ಕಾಯಿಲೆ ಇದೆ ಎಂದು ಮೊದಲು ಗೊತ್ತಾಗುವುದು ಬಸುರಿಯಾಗಿ ಉಸಿರು ಕಟ್ಟಿದಾಗ. ಮತ್ತೆ ಮತ್ತೆ ಗಂಟಲು ಸೋಂಕು ಬಂದು ಕವಾಟ ಇನ್ನಷ್ಟು ಹಾಳಾಗದಂತೆ ತಡೆಯುವುದೇ ಈ ಸೂಜಿಯ ಕೆಲಸ. ಇಷ್ಟು ಅಗ್ಗದ ಔಷಧವಾದ್ದರಿಂದಲೇ ತಯಾರಿಸುವವರು ಕಡಿಮೆಯಾಗಿ ಕಳೆದ ದಶಕದಲ್ಲಿ ಹಲವು ದೇಶಗಳಲ್ಲಿ ಇದರ ಕೊರತೆಯಾಯಿತು.

ಅಲರ್ಜಿಯ ಮಾತು ಬಿಡುವಂತಿಲ್ಲ. ಅಪರೂಪಕ್ಕೆ ಕೆಲವರಿಗೆ ಪ್ರಾಣಾಪಾಯವಾಗುವಷ್ಟು ಅಲರ್ಜಿ ಆಗುತ್ತದೆ, ಅದಕ್ಕೇ ಡಾಕ್ಟರು ಕೇಳಿ, ನೋಡಿ ಕೊಡುವುದು. ಆದರೆ ತಮಗೆ ಪೆನಿಸಿಲಿನ್ ಆಗುವುದಿಲ್ಲ ಎಂದುಕೊಂಡಿರುವವರನ್ನು ಸರಿಯಾಗಿ ಪರೀಕ್ಷಿಸಿದರೆ ಬಹುಪಾಲು ಜನರಿಗೆ ಅಲರ್ಜಿ ಇರುವುದೇ ಇಲ್ಲವಂತೆ.

ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂರಲಿಲ್ಲ. ಪೆನಿಸಿಲಿನ್ ಉಂಗುರವನ್ನು ಕತ್ತರಿಸುವ ಕಿಣ್ವವನ್ನು ಚೈನ್ ಮತ್ತು ಏಬ್ರಹಾಂ 1940ರಲ್ಲೇ ಕಂಡಿದ್ದರು, ಅಂದರೆ ಆಕ್ಸ್‌ಫರ್ಡ್‌ನ ಮೊದಲ ರೋಗಿಗೆ ಸೂಜಿ ಚುಚ್ಚುವ ಮೊದಲೇ. 1945ರ ನೊಬೆಲ್ ಉಪನ್ಯಾಸದಲ್ಲಿ ಫ್ಲೆಮಿಂಗ್ ಒಂದು ಕಾಲ್ಪನಿಕ ಸಂಸಾರದ ಕಥೆ ಹೇಳಿದರು. ಗಂಡನಿಗೆ ಗಂಟಲು ನೋವು, ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಔಷಧವನ್ನು ತಾಳಿಕೊಳ್ಳಲು ಕಲಿಯುತ್ತವೆ. ಅವು ಹೆಂಡತಿಗೆ ಹತ್ತುತ್ತವೆ, ಆಕೆಗೆ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೊಟ್ಟರೂ ಆಕೆ ಸಾಯುತ್ತಾಳೆ. ಮಾತ್ರೆ ನುಂಗಿದವನು ಗಂಡ, ಸತ್ತವಳು ಹೆಂಡತಿ. ಎಂಬತ್ತು ವರ್ಷದ ಹಿಂದಿನ ಈ ಕಥೆಯನ್ನು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ನಾಲ್ಕು ಆಂಟಿಬಯೋಟಿಕ್ ಮಾತ್ರೆ ಕೇಳುವ ನಮ್ಮ ಮನೆಯ ಗಂಡಸರಿಗೆ ಓದಿ ಹೇಳಬೇಕು. ಹೆಂಗಸರೂ ಕೇಳುವುದಿಲ್ಲವೆಂದಲ್ಲ! ಒಂದು ಅಚ್ಚರಿ ಏನೆಂದರೆ, ಗಂಟಲಿಗೂ ಬಾಣಂತಿಗೂ ನಂಜು ತರುವ ಆ ಸ್ಟ್ರೆಪ್ಟೊಕಾಕಸ್ ಮಾತ್ರ ಇಷ್ಟು ವರ್ಷವಾದರೂ ಪೆನಿಸಿಲಿನ್‌ಗೆ ಬಗ್ಗುತ್ತಲೇ ಇದೆ.

ಈಗ ಪಿಂಪ್ರಿಗೆ ಬರೋಣ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶಕ್ಕೆ ಪೆನಿಸಿಲಿನ್ ಹೊರಗಿನಿಂದಲೇ ಬರಬೇಕಾಗಿತ್ತು. ಇದನ್ನು ನಾವೇ ತಯಾರಿಸಬೇಕು, ಅದೂ ಸರ್ಕಾರದ ಕಾರ್ಖಾನೆಯಲ್ಲಿ, ಎಂದು ಒತ್ತಾಯಿಸಿದವರಲ್ಲಿ ಮುಖ್ಯರು ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕ ಸಾಹಿಬ್ ಸಿಂಗ್ ಸೋಖಿ. (ಕಥಕ್ ನೃತ್ಯವನ್ನು ರಂಗಕ್ಕೆ ತಂದ ಮೇಡಂ ಮೇನಕಾ ಇವರ ಪತ್ನಿ.) ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಲಿಮಿಟೆಡ್ ಸ್ಥಾಪನೆಯಾಯಿತು, 1955ರಲ್ಲಿ ಪೆನಿಸಿಲಿನ್ ಹೊರಬರತೊಡಗಿತು. ಔಷಧ ತಯಾರಿಸುವ ಮೊದಲ ಸರ್ಕಾರಿ ಕಂಪನಿ ಅದು. ಕಾರ್ಖಾನೆಯ ಸುತ್ತ ಕಾಲೊನಿ, ಶಾಲೆ, ಮೈದಾನ ಎದ್ದವು. ಪಿಂಪ್ರಿ ಚಿಂಚವಾಡ ಎಂದರೆ ಇಂದು ಕಾರು, ಮೋಟಾರು ಎನ್ನುತ್ತಾರೆ, ಆದರೆ ಅಲ್ಲಿನ ಮೊದಲ ದೊಡ್ಡ ಕಾರ್ಖಾನೆಗಳಲ್ಲಿ ಒಂದು ಬೂಷ್ಟಿನದು.

ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್. ಹೆಸರು ಕೇಳಿದರೇ ಮೈಸೂರು ಸೀಮೆಯ ನಂಟು ಗೊತ್ತಾಗುತ್ತದೆ. ಶಿಲೀಂಧ್ರಗಳ ಅಧ್ಯಯನದಲ್ಲಿ ಅವರದು ದೊಡ್ಡ ಹೆಸರು. ಪಿಂಪ್ರಿಯ ಮಣ್ಣಿನಲ್ಲಿ ಅವರ ತಂಡಕ್ಕೆ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದಕ್ಕೆ ಊರಿನ ಹೆಸರನ್ನೇ ಇಟ್ಟು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದರು. ಅದರಿಂದ ತೆಗೆದ ಔಷಧಕ್ಕೆ ಕಂಪನಿಯ ಹೆಸರು ಸೇರಿಸಿ ಹ್ಯಾಮೈಸಿನ್ ಎಂದರು. ಪೆನಿಸಿಲಿನ್ ಬೂಷ್ಟಿನಿಂದ ಬಂದು ಬ್ಯಾಕ್ಟೀರಿಯಾ ಕೊಂದರೆ, ಹ್ಯಾಮೈಸಿನ್ ಬ್ಯಾಕ್ಟೀರಿಯಾ ಜಾತಿಯ ಜೀವಿಯಿಂದ ಬಂದು ಶಿಲೀಂಧ್ರವನ್ನು ಕೊಲ್ಲುತ್ತದೆ. ಮಕ್ಕಳ ಬಾಯಿಯ ಬಿಳಿ ಅಗ್ರಕ್ಕೆ, ಹೆಂಗಸರು ಯಾರಿಗೂ ಹೇಳಿಕೊಳ್ಳದೆ ಅನುಭವಿಸುವ ಬಿಳಿಸೆರಗು ತುರಿಕೆಗೆ ಕಾರಣವಾಗುವ ಕ್ಯಾಂಡಿಡಾ ಎಂಬ ಶಿಲೀಂಧ್ರದ ಮೇಲೆ ಅದನ್ನು ಬಳಸಿದರು.

ಈ ಕಂಪನಿಯ ಕೊಂಬೆಯೊಂದು ನಮ್ಮ ಊರಿಗೂ ಚಾಚಿತು. ಕರ್ನಾಟಕ ಸರ್ಕಾರದ ಕೈಗಾರಿಕಾ ನಿಗಮದ ಜೊತೆ ಸೇರಿ 1981ರಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಸ್ಥಾಪಿಸಿದರು. ಬೆಂಗಳೂರಿನ ಪೀಣ್ಯದಲ್ಲಿ ಅದು ಇಂದಿಗೂ ನಡೆಯುತ್ತಿದೆ. ತಾಯಿ ಕಂಪನಿಯ ಕಥೆ ಅಷ್ಟು ಸುಖದ್ದಲ್ಲ. ತೊಂಬತ್ತರ ದಶಕದಲ್ಲಿ ಚೀನಾದ ಅಗ್ಗದ ಪೆನಿಸಿಲಿನ್ ಬಂದು ಬಿದ್ದಿತು. ನಷ್ಟ ಏರಿತು. ಪಿಂಪ್ರಿಯಲ್ಲಿ ಮಾತ್ರವಲ್ಲ, ದೇಶದ ಇತರ ಕಡೆಗಳಲ್ಲಿಯೂ ಬೂಷ್ಟಿನ ತೊಟ್ಟಿಗಳು ಒಂದೊಂದಾಗಿ ನಿಂತವು. ಅಮಾಕ್ಸಿಸಿಲಿನ್ ಮಾತ್ರೆಯನ್ನು ಜಗತ್ತಿಗೆಲ್ಲ ಮಾರುವ ನಾವು, ಅದರ ಮೂಲವಸ್ತು ಪೆನಿಸಿಲಿನ್-ಜಿಯನ್ನು ಚೀನಾದಿಂದ ತರಿಸಿಕೊಳ್ಳುವ ಸ್ಥಿತಿಗೆ ಬಂದೆವು. ಕೋವಿಡ್ ಕಾಲದಲ್ಲಿ ಹಡಗುಗಳು ತಡವಾದಾಗ ಇದರ ಬಿಸಿ ತಟ್ಟಿತು. ಆಮೇಲೆ ಕೇಂದ್ರ ಸರ್ಕಾರ ಪ್ರೋತ್ಸಾಹಧನದ ಯೋಜನೆ ತಂದಿತು, 2024ರಲ್ಲಿ ಆಂಧ್ರದ ಕಾಕಿನಾಡದಲ್ಲಿ ಪೆನಿಸಿಲಿನ್-ಜಿ ಕಾರ್ಖಾನೆಯೊಂದು ಉದ್ಘಾಟನೆಯಾಯಿತು. ಪಿಂಪ್ರಿಯಲ್ಲಿ 1955ರಲ್ಲಿ ಶುರುಮಾಡಿದ ಕೆಲಸವನ್ನೇ ಅಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದ್ದಾರೆ.